ಖಾಲಿ ಬಂದ ಹಂಡೆ

ಮೊಮ್ಮಗಳು ಸೃಷ್ಟಿ ಬೇಸಿಗೆ ರಜೆಗೆಂದು ಕಾಳಗಿಯಿಂದ ಬಂದಿದ್ದಾಳೆ. ಬರುವಾಗ ನಾಲ್ಕು ಜೊತೆ ಬಟ್ಟೆ, ಒಂದು ಅಂಟಿನ ಡಬ್ಬಿ ಮತ್ತು ಅಮೆರಿಕದ ಓಹಾಯೋ ರಾಜ್ಯವನ್ನು ತಂದಿದ್ದಾಳೆ. ಅವಳ ಶಾಲೆಯವರು ಪ್ರಸಾದದ ಕಲ್ಲುಸಕ್ಕರೆ ಹಂಚಿದಂತೆ ಒಬ್ಬೊಬ್ಬ ಮಗುವಿಗೂ ಅಮೆರಿಕದ ಒಂದೊಂದು ರಾಜ್ಯವನ್ನು ಹಂಚಿ, ಆ ರಾಜ್ಯದ ಹೆಸರಾಂತ ಉದ್ಯಮಿಗಳ ಬಗ್ಗೆ ಚಾರ್ಟ್ ಮಾಡಿಕೊಂಡು ಬನ್ನಿ ಎಂದಿದ್ದಾರಂತೆ. ಇವಳ ಪಾಲಿಗೆ ಓಹಾಯೋ. ಮೂರು ದಿನದಿಂದ ನಮ್ಮ ಪಡಸಾಲೆಯ ಫರಸಿ ನೆಲದ ಮೇಲೆ ಕೋಟು ತೊಟ್ಟ ದೊರೆಗಳು ಸಾಲಾಗಿ ಒಣಗುತ್ತ ಬಿದ್ದಿದ್ದಾರೆ. ಅವರನ್ನು ತುಳಿಯದೆ ಅಡುಗೆಮನೆಗೆ ಹೋಗುವುದೇ ಒಂದು ಸಾಹಸವಾಗಿದೆ.

"ಮುತ್ಯಾ, ನೀ ಕಾಲೇಜದಾಗ ಇದೇ ಕಲಿಸ್ತಿದ್ದೆಲ್ಲ? ನೀನೇ ಹೇಳು" ಎಂದು ನನ್ನನ್ನು ಹಿಡಿದು ಕೂರಿಸಿದಳು.

ನಿಜ. ಚಿತ್ತಾಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವನು ನಾನು. ಸೇಡಂನಿಂದ ಬೆಳಗಿನ ಪ್ಯಾಸೆಂಜರಿಗೆ ಹೋಗಿ, ಸಂಜೆ ವಾಡಿಯಿಂದ ಬರಬೇಕಾದ ಗಾಡಿಗೆ ಕಾದು ಮನೆ ಸೇರುತ್ತಿದ್ದೆ. ಅದು ಬರುವ ಹೊತ್ತು ಅದಕ್ಕೇ ಗೊತ್ತಿರುತ್ತಿರಲಿಲ್ಲ. ಆ ಮೂವತ್ತು ವರ್ಷದಲ್ಲಿ ನಾನು ಕಂಡ ಪರದೇಶವೆಂದರೆ ಸೊಲ್ಲಾಪುರ. ಆದರೂ ಓಹಾಯೋದ ಉದ್ಯಮಿಗಳೆಂದರೆ ನನಗೆ ಸೋದರಮಾವಂದಿರಷ್ಟು ಹತ್ತಿರದವರು. ಒಬ್ಬರು ಸಾಬೂನಿನಿಂದ ಮೇಲೆ ಬಂದವರು, ಒಬ್ಬರು ಟೈರಿನಿಂದ. ಅವರು ಬೆಳಿಗ್ಗೆ ಎಷ್ಟು ಬೇಗ ಏಳುತ್ತಿದ್ದರು, ಗಿರಾಕಿಗಳನ್ನು ಹೇಗೆ ಮಾತನಾಡಿಸುತ್ತಿದ್ದರು ಎಂಬುದನ್ನು ನಾನು ಅವರ ಮನೆಯಲ್ಲೇ ಉಂಡು ಬೆಳೆದವನಂತೆ ಬಣ್ಣಿಸುತ್ತಿದ್ದೆ. ಪುಸ್ತಕದಲ್ಲಿ ಇದ್ದದ್ದು ಅರ್ಧ ಪುಟ. ಉಳಿದದ್ದನ್ನೆಲ್ಲ ನಾನೇ ಹುಟ್ಟಿಸಿದ್ದೆ ಎಂದು ಈಗ ಒಪ್ಪಿಕೊಂಡರೆ ಯಾರೂ ಪಿಂಚಣಿ ಕಿತ್ತುಕೊಳ್ಳಲಾರರು.

ಒಮ್ಮೆ ಹಿಂದಿನ ಬೆಂಚಿನಿಂದ ದಂಡೋತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಕಾಗಿಣಾ ಹೊಳೆ ತುಂಬಿ ಬಂದರೆ ಅವರ ಊರಿನ ಸೇತುವೆ ಮುಳುಗಿ, ವಾರಗಟ್ಟಲೆ ಕಾಲೇಜಿನ ಮುಖ ನೋಡದವಳು. "ಸರ್, ಅವರ ಕಡೆ ಹೊಳಿ ಬಂದ್ರ ಅವ್ರು ಧಂದೆ ಹ್ಯಾಂಗ ಮಾಡ್ತಿದ್ರರಿ?" ಎಂದು ಕೇಳಿದಳು. ಓಹಾಯೋದಲ್ಲಿ ಹೊಳೆ ಇದೆಯೋ ಇಲ್ಲವೋ ಎಂಬುದೇ ನನಗೆ ಗೊತ್ತಿರಲಿಲ್ಲ. "ಅವರು ಹೊಳೆಗೆ ಹೆದರುವವರಲ್ಲ" ಎಂದುಬಿಟ್ಟೆ. ಅವಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು. ಪರೀಕ್ಷೆಯಲ್ಲೂ ಬರೆದಳು. ನಾನು ಅಂಕ ಕೊಟ್ಟೆ, ಮತ್ತೇನು ಮಾಡಲಿ?

ಇಷ್ಟು ಪಾಠ ಹೇಳಿದ ಮೇಲೆ ನಾನೂ ಒಂದು ಕೈ ನೋಡಬಾರದೇಕೆ ಎನ್ನಿಸಿತ್ತು ಒಮ್ಮೆ. ಶಹಾಬಾದಿನ ಕಲ್ಲಿನಲ್ಲಿ ಮನೆಗಳಿಗೆ ಹೆಸರಿನ ಫಲಕ ಕೆತ್ತಿಸಿ ಮಾರುವ ಯೋಜನೆ. ಕಲ್ಲು ತಂದೆ, ಕೆತ್ತುವವರನ್ನು ಹುಡುಕಿದೆ, ಮಾದರಿಗೆಂದು ಮೊದಲ ಫಲಕವನ್ನು ನಮ್ಮ ಮನೆಗೇ ಮಾಡಿಸಿ ಬಾಗಿಲ ಪಕ್ಕ ಕೂರಿಸಿದೆ. ಓಣಿಯವರೆಲ್ಲ ಬಂದು ನೋಡಿ, ಚೆಂದ ಇದೆ ಎಂದು ಹೊಗಳಿ, ಚಹಾ ಕುಡಿದು ಹೋದರು. ಅಲ್ಲಿಗೆ ಉದ್ಯಮ ಮುಗಿಯಿತು. "ಈ ಓಣ್ಯಾಗ ಯಾರ ಮನಿ ಯಾರದಂತ ಎಲ್ಲಾರಿಗೂ ಗೊತ್ತದ. ಬೋರ್ಡ್ ಯಾರಿಗೆ ಬೇಕರಿ?" ಎಂದಳು ನನ್ನ ಹೆಂಡತಿ ಶಾಂತಾ. ಗಿರಾಕಿಗೆ ಏನು ಬೇಕೆಂಬುದನ್ನು ಮೊದಲು ತಿಳಿಯಬೇಕು ಎಂದು ಅದೇ ವಾರ ತರಗತಿಯಲ್ಲಿ ಹೇಳಿ ಬಂದಿದ್ದೆ. ಉಳಿದ ಕಲ್ಲುಗಳ ಮೇಲೆ ಶಾಂತಾ ಈಗಲೂ ಸಂಡಿಗೆ ಒಣಗಿಸುತ್ತಾಳೆ.

ಚಾರ್ಟಿನಲ್ಲಿ ಒಂದು ಚೌಕ ಖಾಲಿ ಉಳಿದಿತ್ತು. ಅದನ್ನು ನೋಡುತ್ತ ಕುಳಿತವನಿಗೆ ಓಹಾಯೋದ ಯಾರೂ ನೆನಪಾಗಲಿಲ್ಲ. ನಮ್ಮ ಸೇಡಂನ ಖಾಜಾಬಿ ನೆನಪಾದಳು.

ಖಾಜಾಬಿಯದು ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಲ್ಲಿ ತವರಿನವರು ಅವಳಿಗೆ ಒಂದು ದೊಡ್ಡ ಹಂಡೆ ಕೊಟ್ಟಿದ್ದರಂತೆ. ಇಬ್ಬರೇ ಇರುವ ಮನೆಯಲ್ಲಿ ನೂರು ಜನರ ಅಡುಗೆಯ ಹಂಡೆ ಇಟ್ಟುಕೊಂಡು ಏನು ಮಾಡುವುದು? ಪಕ್ಕದ ಮನೆಯ ನಿಶ್ಚಿತಾರ್ಥಕ್ಕೆ ಕೊಟ್ಟಳು. ಅದು ಹೋಗಿ ಬಂತು. ಮತ್ತೊಬ್ಬರು ಕೇಳಿದರು. ಹೀಗೆ ಒಂದು ಹಂಡೆ ಹತ್ತಾಗಿ, ಅದರ ಬೆನ್ನಿಗೆ ಪರಾತ, ಬಕೀಟು, ಜಮಖಾನೆಗಳೆಲ್ಲ ಬಂದು, ಕೊನೆಗೆ ಅವುಗಳನ್ನು ಸಾಗಿಸಲು ಒಂದು ಮೂರು ಗಾಲಿಯ ಟಂಟಂ ಕೂಡ ಬಂತು. ಟಂಟಂ ಓಡಿಸುವವನು ಅವಳ ಗಂಡ ಚಾಂದಸಾಬ. ಕುರಕುಂಟಾದ ಮದುವೆಗೂ ಅವಳದೇ ಪಾತ್ರೆ, ಚಿಂಚೋಳಿಯ ತೊಟ್ಟಿಲು ಕಾರ್ಯಕ್ಕೂ ಅವಳದೇ ಪಾತ್ರೆ. ಅಂಗಡಿಯಲ್ಲಿ ಎರಡು ಕೋಣೆಗಳಿವೆ. ಬಾಡೂಟದ ಪಾತ್ರೆಗಳ ಹಿಡಿಕೆಗೆ ಕೆಂಪು ಬಣ್ಣ, ಸಸ್ಯಾಹಾರದವಕ್ಕೆ ಹಸಿರು. ಒಂದು ಕೋಣೆಯ ಚಮಚ ಇನ್ನೊಂದು ಕೋಣೆಗೆ ಹೋದದ್ದನ್ನು ಈವರೆಗೆ ಯಾರೂ ಕಂಡಿಲ್ಲ. "ಬಣ್ಣ ತಪ್ಪಿದ್ರ ಧಂದೇನೇ ತಪ್ಪತದರಿ ಸರ್" ಎನ್ನುತ್ತಾಳೆ. ಶರಣರ ಮನೆಯ ದಾಸೋಹಕ್ಕೂ ದರ್ಗಾದ ಕಂದೂರಿಯ ಬಾಡೂಟಕ್ಕೂ ಜನ ಕಣ್ಣು ಮುಚ್ಚಿ ಅವಳ ಹಂಡೆ ಒಯ್ಯುತ್ತಾರೆ.

ಅವಳದೊಂದು ಕಟ್ಟಳೆ ಇತ್ತು. ಸಾವಾದ ಮನೆಯವರು ಪಾತ್ರೆ ಕೇಳಲು ಬರಬೇಕಾಗಿಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಟಂಟಂ ಹೊರಡುತ್ತದೆ, ಬಾಡಿಗೆಯ ಮಾತಿಲ್ಲ. ಇದು ಊರಿಗೇ ಗೊತ್ತು, ನನಗೂ ಗೊತ್ತಿತ್ತು. ಇದು ವ್ಯವಹಾರವಲ್ಲ, ಭಾವುಕತೆ ಎಂದು ಒಮ್ಮೆ ಶಾಂತಾಳ ಮುಂದೆ ಪಾಠವನ್ನೂ ಹೇಳಿದ್ದೆ. ಅವಳು ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆಯ ಚಟಪಟಕ್ಕೆ ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟಳೋ ತಿಳಿಯದು.

ಸೃಷ್ಟಿಗೆ ಇಷ್ಟನ್ನು ಹೇಳಿದೆ. ಅವಳು ಗಂಭೀರವಾಗಿ ಕೇಳಿ, "ಅಕಿಂದು ವೆಬ್‌ಸೈಟ್ ಅದನೇನು ಮುತ್ಯಾ?" ಎಂದಳು. ಇಲ್ಲವೆಂದೆ. "ಮತ್ತ ಓಹಾಯೋದಾಗ ಹ್ಯಾಂಗ ಅಂಟಸ್ಲಿ?" ಎಂದವಳೇ ಮೊಬೈಲಿನಲ್ಲಿ ಇನ್ನೊಬ್ಬ ಕೋಟು ತೊಟ್ಟವನನ್ನು ಹುಡುಕಿ, ಚೌಕ ತುಂಬಿಸಿ, ಆಟಕ್ಕೆ ಓಡಿದಳು. ಅವಳು ಹೋದದ್ದೇ ಒಳ್ಳೆಯದಾಯಿತು. ಮುಂದಿನದು ಮಕ್ಕಳಿಗೆ ಹೇಳುವಂಥದ್ದಲ್ಲ. ಅದರಲ್ಲಿ ಅವಳ ಮುತ್ಯಾನ ಮರ್ಯಾದೆ ಅಷ್ಟೇನೂ ಉಳಿಯುವುದಿಲ್ಲ. ನಿಮಗೆ ಹೇಳುತ್ತೇನೆ.

ಪ್ರತಿ ಶ್ರಾವಣದಲ್ಲಿ ಒಂದು ಸೋಮವಾರ ನಮ್ಮ ಮನೆಯಲ್ಲಿ ನೂರು ಜನಕ್ಕೆ ಪ್ರಸಾದ ನಡೆಯುತ್ತದೆ. ಗೋಧಿ ಹುಗ್ಗಿ, ಅನ್ನ, ಸಾರು, ಪುಂಡಿಪಲ್ಯ. ಅದರಲ್ಲಿ ನನ್ನ ಕೆಲಸವೆಂದರೆ ಬಾಗಿಲಲ್ಲಿ ನಿಂತು "ಬರ್ರಿ, ಕುಂದ್ರಿ" ಎನ್ನುವುದು. ಬಾಕಿ ಎಲ್ಲವೂ ಶಾಂತಾಳದು. ಖಾಜಾಬಿಗೆ ಹೇಳಿ ಹಂಡೆ ತರಿಸುವುದು, ಮರುದಿನ ತಿಕ್ಕಿಸಿ ಹಿಂದಕ್ಕೆ ಕಳಿಸುವುದು ಕೂಡ ಅವಳದೇ. ನಾನು ನಿವೃತ್ತನಾದ ವರ್ಷ ಪ್ರಸಾದ ಎಂದಿನಂತೆ ನಡೆಯಿತು. ಮರುದಿನ ಬೆಳಿಗ್ಗೆ ಶಾಂತಾ ಹಾಸಿಗೆ ಬಿಟ್ಟು ಏಳಲಿಲ್ಲ.

"ಯಾಕ?" ಎಂದೆ.

"ಏನಿಲ್ರಿ, ರಾತ್ರಿ ನಿದ್ದಿ ಆಗಿಲ್ಲ ಅಷ್ಟ. ಭಾಂಡೆ ಒಂದಿಷ್ಟು ನೀವೇ ಕಳಸ್ರಿ" ಎಂದು ಗೋಡೆಯ ಕಡೆ ಹೊರಳಿದಳು.

ನನಗೆ ಉತ್ಸಾಹವೋ ಉತ್ಸಾಹ. ಕಾಲೇಜು ಬಿಟ್ಟ ಮೇಲೆ ಸಿಕ್ಕ ಮೊದಲ ಜವಾಬ್ದಾರಿ. ಕೆಲಸದವಳಿಗೆ ಹುಣಸೆಹಣ್ಣು ಕೊಟ್ಟು ಹಂಡೆಗಳನ್ನು ಮೂರು ಸಲ ತಿಕ್ಕಿಸಿದೆ. ಒಳಗೆ ಕೈ ಹಾಕಿ ಒಂದು ಅಗುಳೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಟ್ಟೆಯಿಂದ ಒರೆಸಿ, ಮುಚ್ಚಳ ಮುಚ್ಚಿದೆ. ಚಾಂದಸಾಬ ಬಂದಾಗ ಬಾಡಿಗೆ ಕೊಟ್ಟು, "ನೋಡು, ಹೊಸಾದ್ರಂಗ ಅದಾವ" ಎಂದು ಬೀಗಿದೆ. ಅವನು ಹೇರಿಕೊಂಡು ಹೋದ. ನಾನು ಆರಾಮಾಗಿ ಪೇಪರು ಹಿಡಿದೆ.

ಪೇಪರಿನ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅದೇ ಟಂಟಂ ಮರಳಿ ಬಂದು ಮನೆಯ ಮುಂದೆ ನಿಂತಿತು. ಅರ್ಧ ಪಾತ್ರೆಗಳು ಇನ್ನೂ ಅದರಲ್ಲೇ ಇದ್ದವು. ಖಾಜಾಬಿ ಇಳಿದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ಓಡಿ ಬಂದವಳು ಬಾಗಿಲಲ್ಲಿ ನನ್ನನ್ನು ಕಂಡು ಗಕ್ಕನೆ ನಿಂತಳು. ಕಾಲಿನಿಂದ ತಲೆಯವರೆಗೆ ನೋಡಿದಳು. ಮನೆಯೊಳಗೆ ಇಣುಕಿದಳು. ಕಿವಿಗೊಟ್ಟು ಏನನ್ನೋ ಆಲಿಸಿದಳು.

ಪಾತ್ರೆಯಲ್ಲಿ ಏನೋ ಕಡಿಮೆಯಾಗಿದೆ, ತಗಾದೆಗೆ ಬಂದಿದ್ದಾಳೆ ಎಂದುಕೊಂಡೆ ನಾನು. ನನ್ನ ಮೊದಲ ಜವಾಬ್ದಾರಿಯಲ್ಲೇ ಹೀಗೆ ತಪ್ಪು ಹುಡುಕಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

"ಎಲ್ಲಾ ನೋಡೇ ಕಳಿಸೀನಿ ಖಾಜಾಬಿ. ಒಂದು ಚಮಚ ಸೈತ ಉಳಿದಿಲ್ಲ. ಬಾಡಗಿನೂ ಮುಟ್ಟ್ಯಾದ."

"ಬಾಡಗಿ ಯಾರು ಕೇಳ್ಯಾರರಿ ಸರ್? ಹಂಡೆ ಖಾಲಿ ಬಂದದರಿ."

"ಮತ್ತ? ಹಂಡೆ ಖಾಲಿ ಬರಲಾರದ ತುಂಬಿ ಬರ್ತದೇನು?"

"ನಿಮ್ಮ ಮನೀದು ಇಷ್ಟು ವರ್ಷ ಖಾಲಿ ಬಂದೇ ಇಲ್ರಿ."

ನಾನು ಪೇಪರು ಮಡಚಿದೆ. ಅವಳು ಏನು ಹೇಳುತ್ತಿದ್ದಾಳೆಂದು ನಿಜವಾಗಿಯೂ ಅರ್ಥವಾಗಲಿಲ್ಲ.

ಪಕ್ಕದ ಮನೆಯಿಂದ ಪಾತ್ರೆ ಬಂದರೆ ಅದನ್ನು ಬರಿದಾಗಿ ಹಿಂದಕ್ಕೆ ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಮನೆಗಳ ಪದ್ಧತಿ. ನನ್ನ ಅವ್ವ ಮಾಡುತ್ತಿದ್ದಳು, ನಿಮ್ಮ ಮನೆಯಲ್ಲೂ ಮಾಡಿರುತ್ತಾರೆ. ಆದರೆ ಬಾಡಿಗೆ ಕೊಟ್ಟು ತಂದ ಪಾತ್ರೆಗೂ ಈ ಊರಿನ ಹೆಣ್ಣುಮಕ್ಕಳು ಅದನ್ನೇ ಪಾಲಿಸುತ್ತಾರೆಂಬುದು ಆ ದಿನದವರೆಗೆ ನನಗೆ ತಿಳಿದಿರಲಿಲ್ಲ. ಖಾಜಾಬಿಯ ಹಂಡೆಗಳು ಮದುವೆಮನೆಯಿಂದ ಒಂದು ಮುಷ್ಟಿ ಜೋಳವನ್ನೋ, ಒಂದು ತುಂಡು ಬೆಲ್ಲವನ್ನೋ, ಹೋಳಿಗೆಯ ಗಂಟನ್ನೋ ಒಳಗಿಟ್ಟುಕೊಂಡು ಮರಳುತ್ತಿದ್ದವು. ಏನೂ ಇಲ್ಲದೆ ಮರಳುವುದು ಒಂದೇ ಕಡೆಯಿಂದ. ಸಾವಿನ ಮನೆಯಿಂದ. ಅಲ್ಲಿಂದ ಯಾರೂ ಏನನ್ನೂ ಕೊಡುವಂತಿಲ್ಲ, ತರುವಂತಿಲ್ಲ. ತಿಕ್ಕಿ ತೊಳೆದು, ಥಳಥಳ ಹೊಳೆಯುವಂತೆ ಮಾಡಿ, ಖಾಲಿ ಹಂಡೆಗೆ ಮುಚ್ಚಳ ಮುಚ್ಚಿ ನಾನು ಅವಳಿಗೆ ಕಳಿಸಿದ್ದು ಸಾವಿನ ಸುದ್ದಿಯನ್ನು.

"ಅಕ್ಕ ಎಲ್ಲಿ ಅದಾರರಿ?" ಎಂದಳು ಖಾಜಾಬಿ.

"ಮಲಗ್ಯಾಳ. ನಿದ್ದಿ ಆಗಿಲ್ಲಂತ."

ಅವಳು ಚಪ್ಪಲಿ ಕಳಚಿ ನೇರ ಒಳಗೆ ನಡೆದಳು. ಎಂದೂ ಕಟ್ಟೆ ದಾಟಿ ಬಂದವಳಲ್ಲ. ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು ಶಾಂತಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಅಕ್ಕಾ, ಕೈ ಭಾಳ ತಣ್ಣಗ ಅದ. ಏನಾಗ್ಲಿಕತ್ತದ?"

"ಏನಿಲ್ಲ ಖಾಜಾ. ನಿದ್ದಿ..."

"ಸುಳ್ಳು ಹೇಳಬ್ಯಾಡ್ರಿ. ಹಂಡ್ಯಾಗ ಬೆಲ್ಲ ಹಾಕ್ಲಿಕ್ಕೂ ಎದ್ದಿಲ್ಲಂದ್ರ ನಿದ್ದಿ ಸಲುವಾಗಿ ಅಲ್ರಿ ಅದು."

ಶಾಂತಾ ನನ್ನ ಕಡೆ ನೋಡದೆ ಖಾಜಾಬಿಗೆ ಹೇಳಿದಳು. ಎರಡು ವಾರದಿಂದ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲವಂತೆ. ಬೆನ್ನಿನಿಂದ ದವಡೆಯವರೆಗೆ ಏನೋ ಹಿಡಿದು ಎಳೆದಂತೆ ಆಗುತ್ತಿತ್ತಂತೆ. ಸುಸ್ತಾಗಿ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಡುತ್ತಿದ್ದಳಂತೆ. ಪ್ರಸಾದ ಮುಗಿಯುವವರೆಗೆ ತಡೆದರಾಯಿತು, ಇಲ್ಲದಿದ್ದರೆ ನೂರು ಜನರ ಊಟ ನಿಂತುಹೋಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಆ ಎರಡು ವಾರವೂ ನಾನು ಅದೇ ಮನೆಯಲ್ಲಿದ್ದೆ. ಮೂರು ಹೊತ್ತು ಅವಳು ಬಡಿಸಿದ್ದನ್ನು ಉಂಡಿದ್ದೆ. ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದು ಮಾತ್ರ ನನ್ನ ಗಮನಕ್ಕೆ ಬಂದಿತ್ತು.

ಮುಂದಿನದೆಲ್ಲ ಖಾಜಾಬಿಯದೇ ಕಾರುಬಾರು. "ಏ, ಭಾಂಡೆ ಎಲ್ಲಾ ಕೆಳಗ ಇಳಸ್ರಿ. ಜಮಖಾನಿ ಹಾಸ್ರಿ, ಜಲ್ದಿ!" ಎಂದು ಗಂಡನಿಗೆ ಕೂಗಿದಳು. ಹಂಡೆಗಳು ಬೀದಿಯಲ್ಲೇ ಉರುಳಿದವು. ನಾಲ್ಕು ಜಮಖಾನೆಗಳನ್ನು ಮಡಚಿ ಟಂಟಂನಲ್ಲಿ ಹಾಸಿದರು. ಶಾಂತಾಳನ್ನು ಅದರ ಮೇಲೆ ಮಲಗಿಸಿ, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಖಾಜಾಬಿ ಕುಳಿತಳು. ನಾನು ಇನ್ನೂ ಕಟ್ಟೆಯ ಮೇಲೇ ಇದ್ದೆ. "ಸರ್, ಹತ್ತರಿ!" ಎಂದು ಅವಳು ಗದರಿದಾಗ ಹತ್ತಿದೆ. ಊರ ದವಾಖಾನೆಯಲ್ಲಿ ನೋಡಿದವರು ಕೂಡಲೇ ಆಂಬ್ಯುಲೆನ್ಸ್ ಕರೆಸಿ ಕಲಬುರಗಿಗೆ ಕಳಿಸಿದರು. ಹೃದಯದ ಒಂದು ರಕ್ತನಾಳ ಮುಚ್ಚಿಹೋಗಿತ್ತು. ಮಧ್ಯಾಹ್ನದೊಳಗೆ ಅದನ್ನು ಬಿಡಿಸಿದರು. ಡಾಕ್ಟರು ಹೊರಗೆ ಬಂದು, "ಸರಿಯಾದ ಹೊತ್ತಿಗೆ ಗುರುತಿಸಿದಿರಿ" ಎಂದು ನನ್ನ ಬೆನ್ನು ತಟ್ಟಿದರು. ಆ ಕೈಯ ಭಾರ ಇನ್ನೂ ನನ್ನ ಬೆನ್ನ ಮೇಲಿದೆ. ಗುರುತಿಸಿದವಳು ಕಾರಿಡಾರಿನ ತುದಿಯಲ್ಲಿ ಬರಿಗಾಲಲ್ಲಿ ನಿಂತು ದುವಾ ಮಾಡುತ್ತಿದ್ದಳು. ಚಪ್ಪಲಿ ನಮ್ಮ ಕಟ್ಟೆಯ ಮೇಲೇ ಉಳಿದಿತ್ತು.

ನಾಲ್ಕನೆಯ ದಿನ ಆಸ್ಪತ್ರೆಗೆ ಗಂಜಿ ತಂದ ಖಾಜಾಬಿಯನ್ನು ಕೂರಿಸಿಕೊಂಡು ಕೇಳಿದೆ, ಶಾಂತಾ ಇಷ್ಟು ವರ್ಷ ಹಂಡೆಯಲ್ಲಿ ಏನೇನು ಕಳಿಸುತ್ತಿದ್ದಳು ಎಂದು. ಖಾಜಾಬಿಗೆ ಎಲ್ಲವೂ ನೆನಪಿತ್ತು. ನಮ್ಮ ಮಗಳು ಪಾಸಾದ ವರ್ಷ ಪೇಡೆ ಬಂದಿತ್ತಂತೆ. ತೊಗರಿ ಚೆನ್ನಾಗಿ ಬಂದ ವರ್ಷ ಸೇರು ಬೇಳೆ. ಖಾಜಾಬಿ ಬಸುರಿಯಾಗಿದ್ದಾಗ ಹುಣಸೆಕಾಯಿ. ಅದು ಹೇಗೆ ಗೊತ್ತಾಯಿತೋ ಶಾಂತಾಳಿಗೆ! ಒಂದು ವರ್ಷ ಚಪಾತಿ ಮುರಿದು ಬೆಲ್ಲ ಕಲಸಿದ ಮಾಲದಿ ಬಂದಿತ್ತು, ಅದರಲ್ಲಿ ಬೆಲ್ಲ ಕಡಿಮೆ ಇತ್ತಂತೆ. "ಅಕ್ಕನ ಮನಸಿಗಿ ಏನೋ ತಕಲೀಫ್ ಅದ ಅನಕೊಂಡೆರಿ" ಎಂದಳು. ಆ ವರ್ಷ ಶಾಂತಾಳ ತಂಗಿ ತೀರಿಹೋಗಿದ್ದಳು. ಅವಳು ಯಾರ ಮುಂದೂ ಅತ್ತಿರಲಿಲ್ಲ. ಇಬ್ಬರು ಹೆಂಗಸರು ನನ್ನ ಕಣ್ಣೆದುರಿಗೇ ಇಪ್ಪತ್ತು ವರ್ಷ ಹೀಗೆ ಮಾತಾಡಿಕೊಂಡಿದ್ದಾರೆ. ನಾನೋ, ಗಿರಾಕಿಯ ಮನಸ್ಸನ್ನು ಅರಿಯುವುದು ಹೇಗೆ ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತ ಸೀಮೆಸುಣ್ಣದ ಪುಡಿ ಉದುರಿಸಿಕೊಂಡಿದ್ದೆ.

"ನಿನ್ನಂಥಾಕಿ ಇಲ್ಲಾಂದ್ರ..." ಎಂದು ಏನೋ ಹೇಳಹೋದೆ.

ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಹಳ ಹೊತ್ತಿನಿಂದ ಮನಸ್ಸಿನಲ್ಲಿದ್ದುದನ್ನು ಕೇಳುವವಳಂತೆ ನನ್ನ ಮುಖ ನೋಡಿದಳು. "ಸರ್, ತಪ್ಪು ತಿಳಕೋಬ್ಯಾಡ್ರಿ. ನನಗಂತೂ ಹಂಡ್ಯಾಗ ಗೊತ್ತಾಯ್ತರಿ. ನೀವು ಒಂದೇ ಮನ್ಯಾಗ ಇದ್ದೀರಿ. ನಿಮಗ ಹ್ಯಾಂಗ ಗೊತ್ತಾಗ್ಲಿಲ್ರಿ?"

ಚುಚ್ಚುವುದಕ್ಕೆ ಕೇಳಿದ ಮಾತಲ್ಲ ಅದು. ದಂಡೋತಿಯ ಹುಡುಗಿಯಂತೆ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಆ ಹುಡುಗಿಗೆ ಏನೋ ಒಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಖಾಜಾಬಿಗೆ ಹೇಳಲು ಸುಳ್ಳೂ ಹೊಳೆಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಅವಳು ಗಾಬರಿಯಾಗಿ, ಡಬ್ಬಿಯ ಮುಚ್ಚಳದಲ್ಲಿ ನನಗೂ ಒಂದಿಷ್ಟು ಗಂಜಿ ಹಾಕಿ ಕೊಟ್ಟಳು.

ಮನೆಗೆ ಬಂದ ಮೇಲೆ ನಾನು ಸುಧಾರಿಸಿದೆ ಎಂದುಕೊಂಡೆ. ದಿನಕ್ಕೆ ಹತ್ತು ಸಲ "ಹ್ಯಾಂಗದ? ಏನಾಗ್ಲಿಕತ್ತದ? ಉಸುರು ಬರೋಬರಿ ಅದ?" ಎಂದು ಶಾಂತಾಳ ಬೆನ್ನು ಹತ್ತಿದೆ. ಹತ್ತು ಸಲವೂ "ಏನಿಲ್ರಿ" ಎಂಬ ಒಂದೇ ಉತ್ತರ. ಕೊನೆಗೆ ಒಂದು ದಿನ ಅವಳಿಗೆ ರೇಗಿಹೋಯಿತು. "ಹಿಂಗ ಹಾಜರಿ ತಗೊಂಡ್ರ ಯಾರು ಹೇಳ್ತಾರರಿ? ನಾ ಏನು ನಿಮ್ಮ ಕ್ಲಾಸಿನಾಕೀನೇನು?" ಎಂದಳು. ಅಂದಿನಿಂದ ಕೇಳುವುದನ್ನು ಬಿಟ್ಟೆ. ನೋಡುವುದನ್ನು ಕಲಿಯುತ್ತಿದ್ದೇನೆ. ಮಂದಬುದ್ಧಿಯ ವಿದ್ಯಾರ್ಥಿ, ಹಾಗಾಗಿ ವರ್ಷಗಳು ಹಿಡಿಯುತ್ತಿವೆ. ಅವಳಿಗೆ ನೋವಿದ್ದಾಗ ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಾಳೆ ಎಂಬುದು ತಿಳಿದದ್ದು ಹೋದ ದೀಪಾವಳಿಗೆ. ಬೇಸರವಾದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ ಎಂಬುದು ಈ ಯುಗಾದಿಗೆ ತಿಳಿಯಿತು.

ಇವತ್ತು ಬೆಳಿಗ್ಗೆ ಪಡಸಾಲೆಯಲ್ಲಿ ಇದನ್ನು ಬರೆಯುತ್ತ ಕುಳಿತಿದ್ದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಡುವೆ ಅದು ನಿಂತಿತು. ರೊಟ್ಟಿಯನ್ನು ಹಂಚಿಗೆ ಹಾಕಲು ಬೇಕಾಗುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಪೆನ್ನು ಇಟ್ಟು ಎದ್ದೆ. ಶಾಂತಾ ಗ್ಯಾಸಿನ ಕಟ್ಟೆಗೆ ಒಂದು ಕೈ ಊರಿ ನಿಂತಿದ್ದಳು, ಬಳೆಗಳು ಮೇಲೆ ಸರಿದಿದ್ದವು. ನಾನು ಏನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ತಂದು ಅವಳ ಹಿಂದೆ ಇಟ್ಟೆ, ಉರಿ ಸಣ್ಣ ಮಾಡಿದೆ. ಅವಳು ತಿರುಗಿಯೂ ನೋಡದೆ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತ ಯಾಕೋ ಸುಸ್ತಾಗ್ಯಾದರಿ" ಎಂದಳು.

ಮದುವೆಯಾಗಿ ನಲವತ್ತೊಂದು ವರ್ಷವಾಯಿತು. ಸುಸ್ತಾಗಿದೆ ಎಂದು ಅವಳು ನನಗೆ ಹೇಳಿದ್ದು ಇದೇ ಮೊದಲು.